ಕಪ್ಪು ಹೆಚ್ಚಾದರೆ ಅಕ್ಷರ ಕಾಣದು

ಉಯ್ಯಂಬಳ್ಳಿ ಕಡೆಯ ಒಂದು ಬರಹದ ಕಲ್ಲಿನ ಫೋಟೋವನ್ನು ಗೆಳೆಯರೊಬ್ಬರು ಇಂಕ್‌ಜೆಟ್‌ನಲ್ಲಿ ಕಪ್ಪು-ಬಿಳುಪಾಗಿ ಪ್ರಿಂಟ್ ಹಾಕಿಸಿ ತೋರಿಸಿದರು. ಗಾಢ ಕಪ್ಪು, ಮೇಲೊಂದಿಷ್ಟು ಕಂದು ಛಾಯೆ. ಗೋಡೆಗೆ ಹಾಕೋಕೆ ಚೆಂದ, ಓದೋಕೆ ಕಷ್ಟ.

ಕನಕಪುರ, ರಾಮನಗರ ಸೀಮೆಯ ಗ್ರಾನೈಟು ದಪ್ಪ ಹರಳಿನದು. ರಾಮನಗರದ ಹಳೇ ಹೆಸರೇ ಅದಕ್ಕೆ ಬಂದು ಕ್ಲೋಸ್‌ಪೇಟೆ ಗ್ರಾನೈಟ್ ಆಗಿದೆ. ಹರಳು ಉದುರಿದ ಗುಳಿಗೂ ಉಳಿಯಿಂದ ಕೊರೆದ ಸೊನ್ನೆಗೂ ಫೋಟೋದಲ್ಲಿರುವ ವ್ಯತ್ಯಾಸ ಬೂದುಬಣ್ಣದ ಒಂದೆರಡು ಹಂತ ಮಾತ್ರ. ಕಾಂಟ್ರಾಸ್ಟ್ ಏರಿಸಿದ್ರೆ ಎರಡೂ ಒಂದೇ ಕಪ್ಪು ಚುಕ್ಕೆ. ಒಳಗೀಟು ಮುಚ್ಚಿಹೋದರೆ ಷಕಾರ ಪಕಾರವಾಗುತ್ತೆ, ಪಾಠವೇ ತಪ್ಪುತ್ತೆ.

ಪಡಿಯಚ್ಚು ತೆಗೆಯುವವರಿಗೆ ಇದು ಹೊಸದಲ್ಲ. ಒದ್ದೆ ಕಾಗದವನ್ನು ಬ್ರಷ್‌ನಿಂದ ತಟ್ಟಿ ಕೂರಿಸಿ, ಮಸಿಯನ್ನು ಹಗುರವಾಗಿ ಒತ್ತುತ್ತಾ ಹೋಗ್ತಾರೆ. ಮಸಿ ಅತಿಯಾದರೆ ತೋಡಿನೊಳಕ್ಕೂ ಇಳಿದು ಅಕ್ಷರ ಹಾಳು.

ಪ್ರಿಂಟರಿನಲ್ಲೂ ಅದೇ ಕೈಹಿಡಿತ ಬೇಕು. ಕಪ್ಪಿನ ಜೊತೆ ಎರಡು ತೆಳು ಕಪ್ಪು ಮಸಿಗಳಿರುವ ಎಪ್ಸನ್ ಕೆ3 ತರಹದ್ದರಲ್ಲಿ ನಡುಛಾಯೆಗಳು ನಯವಾಗಿ ಬರುತ್ತವೆ. ಬಣ್ಣದ ಮಸಿ ಬೆರೆಸಿ ಬೂದು ಮಾಡುವಲ್ಲಿ ಹಸಿರೋ ಕೆಂಪೋ ಇಣುಕೀತು. ಅದನ್ನು ಸಹಿಸಬಹುದು ಕಣ್ರೀ, ನೆರಳು ಕಟ್ಟಿಕೊಳ್ಳೋದನ್ನ ಸಹಿಸೋಕಾಗಲ್ಲ. ಸಾದಾ ಕಾಗದದಲ್ಲಂತೂ ಮಸಿ ಹರಡಿ ಇನ್ನೂ ಕೆಡುತ್ತೆ.

ಕಂದು ತೆಗೆಯಿರಿ, ನೆರಳನ್ನು ತುಸು ತಿಳಿಮಾಡಿ, ಅಂಚಿನಲ್ಲಿ ಬಿಳಿಯಿಂದ ಕಪ್ಪಿನವರೆಗಿನ ಒಂದು ಬೂದುಪಟ್ಟಿಯನ್ನೂ ಪ್ರಿಂಟ್ ಹಾಕಿ. ಪಟ್ಟಿಯ ಕಪ್ಪು ತುದಿಯ ಎರಡು ಮನೆಗಳು ಬೇರೆಬೇರೆ ಕಾಣದಿದ್ದರೆ ಆ ಪ್ರತಿಯಿಂದ ಪಾಠ ಕೊಡಬೇಡಿ, ಕಲ್ಲಿನ ಹತ್ತಿರವೇ ಹೋಗಿ.