ಹಸಿರು ಪಡೆಯ ಮಕ್ಕಳು

ಶಾಲೆಯ ಸಂಘ ಅಂದರೆ ಭಾಷಣ, ಪ್ರಭಾತಫೇರಿ ಅಷ್ಟೇ ಎಂದುಕೊಂಡವರು ಹೈಸ್ಕೂಲಿನ ಪರಿಸರ ಸಂಘವನ್ನು ನೋಡಬೇಕು. 2001ರಲ್ಲಿ ಕೇಂದ್ರ ಪರಿಸರ ಸಚಿವಾಲಯ ರಾಷ್ಟ್ರೀಯ ಹಸಿರು ಪಡೆ ಕಟ್ಟಿತು. ಮಹಾರಾಷ್ಟ್ರದಲ್ಲಿ ಅದು ‘ರಾಷ್ಟ್ರೀಯ ಹರಿತ ಸೇನಾ’. ಅದರಡಿ ಶಾಲೆಗೊಂದು ಪರಿಸರ ಸಂಘ, 30ರಿಂದ 50 ಮಕ್ಕಳು, ಜೊತೆಗೊಬ್ಬ ಶಿಕ್ಷಕರು.

ಸಾಂಗಲಿ ಜಿಲ್ಲೆಯ ಜತ್ತದಂಥ ಬರಪೀಡಿತ ತಾಲೂಕಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಸಂಘ ಇನ್ನೊಂದಿಲ್ಲ. ಉಮದಿ, ಸಂಖ ಕಡೆಯ ಕನ್ನಡ ಊರುಗಳಲ್ಲಿ ನೀರಿನ ಬೆಲೆಯನ್ನು ಮಕ್ಕಳಿಗೆ ಬೇರೆ ಹೇಳಿಕೊಡಬೇಕಿಲ್ಲ. 2012ರಲ್ಲಿ ನೀರಿನ ಸಂಕಟದಿಂದಲೇ ಗಡಿಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದವು. ಇಂಥ ನೆಲದಲ್ಲಿ ಬೇವಿನ ಸಸಿ ನೆಡುವುದು ಸುಲಭ. ಬೇಸಿಗೆ ದಾಟಿಸುವುದೇ ನಿಜವಾದ ಕೆಲಸ. ಕೈ ತೊಳೆದ ನೀರನ್ನು ಬುಡಕ್ಕೆ ತಿರುಗಿಸಬೇಕು, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು, ರಜೆಯಲ್ಲೂ ಸರದಿ ಹಚ್ಚಿಕೊಂಡು ಬರಬೇಕು. ಹತ್ತನೆಯವರು ಶಾಲೆ ಬಿಟ್ಟ ಮೇಲೆ ಆ ಸರದಿ ಒಂಬತ್ತನೆಯವರದು.