ಕೀಲೆಣ್ಣೆ ಒಲ್ಲದ ಕೀಲು

ಜೀಪಿನ ಕಾಯಿಲೆ ಪತ್ತೆಗೆ ನಾನು ಮೊದಲು ಹುಡುಕುವುದು ಸ್ಪ್ಯಾನರ್ ಅಲ್ಲ, ಉದ್ದನೆಯ ಒಂದು ಕಾಂಪೌಂಡ್ ಗೋಡೆ. ಬೆಳಗ್ಗೆ ಆರು ಗಂಟೆಗೆ, ಮೈಸೂರಿನಲ್ಲಿ ಹಾಲಿನವರು ಮತ್ತು ವಾಕಿಂಗಿನವರು ಮಾತ್ರ ಎದ್ದಿರುವಾಗ, ಗೋಡೆಯ ಪಕ್ಕದ ರಸ್ತೆಯಲ್ಲಿ ಕಿಟಕಿ ಇಳಿಸಿಕೊಂಡು ಎರಡನೇ ಗೇರಿನಲ್ಲಿ ಹಂಪ್‌ಗಳನ್ನು ಒಂದೊಂದಾಗಿ ದಾಟುತ್ತೇನೆ. ಬಯಲಿನಲ್ಲಿ ಗಾಳಿಗೆ ಹೋಗಿಬಿಡುವ ಸದ್ದನ್ನು ಗೋಡೆ ತಡೆದು ಕಿವಿಗೆ ವಾಪಸು ಕೊಡುತ್ತದೆ. ಹೋದ ತಿಂಗಳು ಅದು ಕೊಟ್ಟದ್ದು ಒಂದು 'ಲಟಕ್'. ಹಂಪ್ ಹತ್ತುವಾಗ ಇಲ್ಲ, ಇಳಿಯುವಾಗ ಮಾತ್ರ. ಅದೂ ಮುಂದಿನ ಎಡಗಡೆಯಿಂದ.

ನನ್ನದು ಹಳೆಯ ಜಿಪ್ಸಿ ಕಿಂಗ್. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ 1996ರಲ್ಲಿ 1.3 ಲೀಟರ್ ಎಂಜಿನ್ ಕೂತಾಗ ಸಿಕ್ಕ ಹೆಸರು ಅದು. ನಾಗರಹೊಳೆ, ಬಂಡೀಪುರದ ಕಾಡುದಾರಿಗಳಲ್ಲಿ ಈ ಗಾಡಿಯನ್ನು ನೋಡದವರು ಕಡಿಮೆ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆ್ಯಕ್ಸಲ್, ನಾಲ್ಕು ಮೂಲೆಗೂ ಪಟ್ಟಿಯ ಕಟ್ಟು, ಅಂದರೆ ಲೀಫ್ ಸ್ಪ್ರಿಂಗ್. ಒಂದೊಂದು ಕಟ್ಟಿಗೂ ಮೂರು ಕೀಲು: ಫ್ರೇಮಿಗೆ ಕೂತ ತುದಿಯಲ್ಲಿ ಒಂದು, ತೂಗುವ ಶಾಕಲ್‌ನ ಮೇಲೊಂದು, ಕೆಳಗೊಂದು. ಒಟ್ಟು ಹನ್ನೆರಡು. ನಾಲ್ಕು ಶಾಕ್ ಅಬ್ಸಾರ್ಬರ್‌ಗಳ ಎರಡೆರಡು ತುದಿ ಸೇರಿಸಿದರೆ ಇಪ್ಪತ್ತು. ಎಲ್ಲದರೊಳಗೂ ಹಿಡಿ ರಬ್ಬರು. ಅದೇ ಬುಷ್.

ಈ ಗಾಡಿಯನ್ನು ನಾಲ್ಕು ವರ್ಷದ ಹಿಂದೆ ಎತ್ತರಿಸಿದೆ. ಪಟ್ಟಿಗೆ ಹೊಸದಾಗಿ ಬಾಗು ಕೊಡಿಸಿ, ಶಾಕಲ್ ಉದ್ದ ಮಾಡಿಸಿದ್ದು. ಶಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಪಟ್ಟಿಯ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ, ಆ್ಯಕ್ಸಲ್ ಇರುವುದು ನಡುವೆ. ಆ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಬುಷ್‌ನ ಲೆಕ್ಕ.

ಅಜ್ಜನ ಕಾಲದ ಎತ್ತಿನ ಗಾಡಿಯನ್ನು ನೆನೆಸಿಕೊಳ್ಳಿ. ಅಚ್ಚಿನ ಮೇಲೆ ಗುಂಬ ತಿರುಗುತ್ತದೆ. ಕಬ್ಬಿಣ ಕಬ್ಬಿಣವನ್ನು ಉಜ್ಜುವಲ್ಲಿ ಕೀಲೆಣ್ಣೆ ಬೇಕು, ಅದಿಲ್ಲದಿದ್ದರೆ ಗಾಡಿ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ. ಆ ಬುದ್ಧಿ ನಮ್ಮ ರಕ್ತದಲ್ಲೇ ಇದೆ: ಕೀಲು ಕಂಡರೆ ಎಣ್ಣೆ ಬಿಡು. ರಬ್ಬರ್ ಬುಷ್ ಮಾತ್ರ ಈ ಜಾತಿಯ ಕೀಲಲ್ಲ. ಅದರಲ್ಲಿ ಏನೂ ಜಾರುವುದಿಲ್ಲ, ಏನೂ ಉಜ್ಜುವುದಿಲ್ಲ. ಬೋಲ್ಟು ಬಿಗಿದ ಮೇಲೆ ಒಳಮೈ ಒಂದು ಕಡೆ, ಹೊರಮೈ ಇನ್ನೊಂದು ಕಡೆ ಕಚ್ಚಿ ನಿಲ್ಲುತ್ತದೆ. ಚಕ್ರ ಏಳುವಾಗ, ಬೀಳುವಾಗ ನಡುವಿನ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊರಳಿ, ಮತ್ತೆ ತನ್ನ ನಿಲುವಿಗೆ ಬರುತ್ತದೆ.

ಯಾವುದು ಅದರ ನಿಲುವು? ಬೋಲ್ಟು ಬಿಗಿದ ಕ್ಷಣದಲ್ಲಿ ಇದ್ದದ್ದು. ಇಡೀ ಗುಟ್ಟು ಇಷ್ಟೇ.

ನನ್ನ ಗಾಡಿ ಎತ್ತರಿಸಿದ ದಿನ ಅದು ಜಾಕಿ ಮೇಲಿತ್ತು. ನಾಲ್ಕು ಚಕ್ರವೂ ಜೋತುಬಿದ್ದಿದ್ದವು. ಆ ಸ್ಥಿತಿಯಲ್ಲೇ ಹನ್ನೆರಡು ಬೋಲ್ಟನ್ನೂ ಬಿಗಿದು, ಆಮೇಲೆ ಕೆಳಗಿಳಿಸಿದರು. ಅಂಗಡಿಯ ಹೆಸರು ಬೇಡ. ಪಕ್ಕದಲ್ಲೇ ಟೀ ಕುಡಿಯುತ್ತ ನಿಂತಿದ್ದವನು ನಾನೇ. ನೆಲಕ್ಕಿಳಿದ ಗಳಿಗೆಯಿಂದ ಆ ರಬ್ಬರುಗಳು ಹಿಂಡಿದ ಸ್ಥಿತಿಯಲ್ಲೇ ಇದ್ದವು. ಮನೆ ಮುಂದೆ ಸುಮ್ಮನೆ ನಿಂತಿದ್ದಾಗಲೂ ದುಡಿಯುತ್ತಿದ್ದವು. ಎಚ್.ಡಿ. ಕೋಟೆ ಆಚೆಯ ಮಣ್ಣು ರಸ್ತೆಯ ಪ್ರತಿ ಗುಂಡಿಯೂ ಹಿಂಡಿದ್ದನ್ನೇ ಮತ್ತಷ್ಟು ಹಿಂಡಿತು. ಹರಿಯದೆ ಇನ್ನೇನಾಗುತ್ತದೆ?

ಬನ್ನಿಮಂಟಪದ ಕಡೆಯ ಮೇಸ್ತ್ರಿಯೊಬ್ಬರ ಬಳಿ ಗಾಡಿ ಒಯ್ದೆ. ಅವರು ಚಕ್ರ ಎತ್ತಲೇ ಇಲ್ಲ. ಹುಡುಗನನ್ನು ಸ್ಟೀರಿಂಗಿಗೆ ಕೂರಿಸಿ, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಲು ಹೇಳಿ, ತಾವು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟರು. ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದಂತೆ. ಹೊರಗೆ ಬಂದು ಕೇಳಿದರು: "ಎತ್ತರ ಮಾಡ್ಸಿದ್ರಿ, ಸರಿ ಸಾರ್. ಕೆಳಕ್ಕಿಳಿಸಿದ್ಮೇಲೆ ಬೋಲ್ಟ್ ಸಡಿಲ ಮಾಡಿ ಬಿಗಿದ್ರಾ?"

ಇಲ್ಲ ಎಂದೆ.

"ಮತ್ತೆ ಕೆಳಗಡೆ ಎಣ್ಣೆ ಹೊಡೆಸ್ತೀರಾ?"

ಹೊಡೆಸುತ್ತೇನೆ. ಮೈಸೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಹೊಡೆಸದವರು ಯಾರು? ವಾಟರ್ ಸರ್ವಿಸ್ ಆದ ಮೇಲೆ ಹಳೇ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಅಡಿಗೆಲ್ಲ ಸಿಂಪಡಿಸುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಕಿರಕಿರ ನಿಲ್ಲುತ್ತದೆ, ಗಾಡಿಯ ಅಡಿ ಕಪ್ಪಗೆ ಮಿಂಚುತ್ತದೆ. ಆದರೆ ನೈಸರ್ಗಿಕ ರಬ್ಬರಿಗೂ ಖನಿಜ ಎಣ್ಣೆಗೂ ಆಗಿಬರುವುದಿಲ್ಲ. ಎಣ್ಣೆ ಹೀರಿ ರಬ್ಬರು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಉಗುರಿಗೆ ಬರುತ್ತದೆ. ಕಿರಕಿರ ನಿಂತದ್ದಕ್ಕೆ ನಾವು ಖುಷಿಪಡುತ್ತೇವೆ. ಎತ್ತಿನ ಗಾಡಿಯನ್ನು ಉಳಿಸಿದ ಅದೇ ಅಭ್ಯಾಸ ಜೀಪಿನ ಕೀಲನ್ನು ಕೊಲ್ಲುತ್ತದೆ.

ಸವೆದ ಬುಷ್ ಸದ್ದಷ್ಟೇ ಮಾಡಿ ಸುಮ್ಮನಾಗುವುದಿಲ್ಲ. ಬ್ರೇಕ್ ಒತ್ತಿದಾಗ ಆ್ಯಕ್ಸಲ್ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಸರಿದರೂ ಗಾಡಿ ಅತ್ತ ಎಳೆಯುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ನನಗೆ ಇದು ಎರಡು ಸಲ ಆಗಿತ್ತು, ಬ್ರೇಕಿನ ದೋಷವೆಂದು ಲೈನಿಂಗ್ ಬದಲಿಸಿದ್ದೆ. ಟೈರಿನ ಒಂದು ಅಂಚು ಬೇಗ ಸವೆಯುತ್ತಿತ್ತು, ಅಲೈನ್‌ಮೆಂಟ್ ಮಾಡಿಸಿದ್ದೆ, ಅದೂ ಮೂರು ಸಲ. ಕೀಲು ಸಡಿಲವಿರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸುವುದು ಅಲುಗಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟ ಹಾಗೆ. ಜೊತೆಗೆ, ಉದ್ದನೆಯ ಶಾಕಲ್ ಮುಂದಿನ ಆ್ಯಕ್ಸಲನ್ನೇ ಕೊಂಚ ಓರೆ ಮಾಡುತ್ತದೆ. ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಗ್ಗುತ್ತದೆ. ಆ ಓರೆಗೆ ಈ ಸಡಿಲವೂ ಸೇರಿದರೆ, ವೇಗದಲ್ಲಿ ಒಂದು ಗುಂಡಿ ಸಿಕ್ಕಿದ್ದೇ ಸ್ಟೀರಿಂಗ್ ಚಳಿಜ್ವರ ಬಂದವರಂತೆ ನಡುಗಲು ಶುರುಮಾಡಬಹುದು.

ಇನ್ನು ಬದಲಿಗೆ ಏನು ಹಾಕುವುದು? ಲೇತ್‌ನಲ್ಲಿ ನೈಲಾನ್ ಬುಷ್ ಕಡೆದುಕೊಡುವವರಿದ್ದಾರೆ. ಬಹಳ ದಿನ ಬಾಳುತ್ತದೆ, ಆದರೆ ಪೆಟ್ಟನ್ನು ನುಂಗದೆ ನೇರ ಫ್ರೇಮಿಗೆ ದಾಟಿಸುತ್ತದೆ. ಪಾಲಿಯುರಿಥೇನ್ ನಡುದಾರಿ: ಎಣ್ಣೆಗೆ ಹೆದರುವುದಿಲ್ಲ, ಸ್ಟೀರಿಂಗ್ ಚುರುಕಾಗುತ್ತದೆ. ಅದು ತನ್ನ ಕೊಳವೆಯ ಮೇಲೆ ಜಾರುವ ಜಾತಿ, ಹಾಗಾಗಿ ಆಗಾಗ ಸಿಲಿಕೋನ್ ಗ್ರೀಸ್ ಕೇಳುತ್ತದೆ, ಕೊಡದಿದ್ದರೆ ಕೀಚಲು ದನಿ ತೆಗೆಯುತ್ತದೆ. ನನ್ನ ಮತ ಇಂದಿಗೂ ರಬ್ಬರಿಗೇ. ಒಂದು ಚಕ್ರ ಬಂಡೆ ಏರಿ ಇನ್ನೊಂದು ಹಳ್ಳಕ್ಕಿಳಿದಾಗ ಪಟ್ಟಿ ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಹೊರಳಬೇಕು. ಎಲ್ಲ ದಿಕ್ಕಿಗೂ ಮಣಿಯುವ ಗುಣ ರಬ್ಬರಿಗಿರುವಷ್ಟು ಇವೆರಡಕ್ಕೂ ಇಲ್ಲ. ಟಾರು ರಸ್ತೆಯಲ್ಲೇ ಹೆಚ್ಚು ಓಡುವವರು ಪಾಲಿ ಹಾಕಿಸಿಕೊಳ್ಳಲಿ.

ಹಳೆಯದನ್ನು ತೆಗೆಯಲು ಹಿಡಿದದ್ದು ಒಂದೂವರೆ ದಿನ. ತುಕ್ಕು ಹಿಡಿದ ಎರಡು ಬೋಲ್ಟನ್ನು ಕೊಯ್ದೇ ತೆಗೆಯಬೇಕಾಯಿತು. ಹೊಸದನ್ನು ಕೂರಿಸುವಾಗ ಮೇಸ್ತ್ರಿ ರಬ್ಬರಿಗೆ ಸವರಿದ್ದು ಬರೀ ಸೋಪಿನ ನೀರು. ಎಲ್ಲ ಬೋಲ್ಟನ್ನೂ ಕೈಬಿಗಿಯಷ್ಟೇ ಬಿಗಿದು, ಗಾಡಿ ನೆಲಕ್ಕಿಳಿಸಿ, ಮುಂದೆ ಹಿಂದೆ ನಾಲ್ಕು ಮಾರು ತಳ್ಳಿಸಿ, ಬಂಪರ್ ಮೇಲೆ ಹುಡುಗರನ್ನು ಕುಣಿಸಿ, ಆಮೇಲೆ ಕೆಳಗೆ ನುಸುಳಿ ಪೂರ್ತಿ ಬಿಗಿದರು.

ಹೊಸ ಗಾಡಿಯವರು ಇದು ಮುದಿ ಜಿಪ್ಸಿಯ ಪುರಾಣ ಎಂದುಕೊಳ್ಳಬೇಡಿ. 2020ರ ಥಾರ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಕಾಯಿಲ್ ಸ್ಪ್ರಿಂಗ್. 2023ರ ಜಿಮ್ನಿಗೆ ಎರಡೂ ಕಡೆ ಕಾಯಿಲ್ ಮೇಲೆ ಕೂತ ಗಟ್ಟಿ ಆ್ಯಕ್ಸಲ್. ಪಟ್ಟಿ ಹೋಯಿತು, ಬುಷ್ ಹೋಗಲಿಲ್ಲ. ಜಿಮ್ನಿ ಎತ್ತರಿಸಿದರೆ ಅಡ್ಡಲಾಗಿ ಹಿಡಿದ ರಾಡು ಆ್ಯಕ್ಸಲನ್ನು ಪಕ್ಕಕ್ಕೆಳೆಯುತ್ತದೆ ಕೂಡ. ಕಾನೂನನ್ನೂ ಮರೆಯಬೇಡಿ. ತಯಾರಕರ ಮೂಲ ವಿನ್ಯಾಸ ಬದಲಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಎತ್ತರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹೂಟಗಳ್ಳಿಯಲ್ಲಿ ಲಾರಿಗಳ ಆ್ಯಕ್ಸಲ್, ಕೆ.ಆರ್.ಎಸ್. ರಸ್ತೆಯಲ್ಲಿ ಟೈರು ತಯಾರಾಗುವ ಊರು ನಮ್ಮದು. ಹರಟೆಗೆ ಕೂತರೆ ನಾವೂ ಟೈರಿನ ಅಳತೆ, ಲಿಫ್ಟಿನ ಇಂಚುಗಳನ್ನೇ ಆಡುತ್ತೇವೆ. ಬುಷ್‌ನ ಮಾತು ಬರುವುದೇ ಇಲ್ಲ. ನಿಮ್ಮ ಗಾಡಿ ಎತ್ತರಿಸಿದ್ದರೆ ಹಳೆಯ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಬುಷ್ ಎಂಬ ಸಾಲು ಇಲ್ಲದಿದ್ದರೆ ನಿಮ್ಮ ಲಿಫ್ಟು ಇನ್ನೂ ಮುಗಿದಿಲ್ಲ.