ದರ್ಶನದ ಕತೆಯೂ ಭೀಮವ್ವನ ಹಾಡೂ

ಹರಪನಹಳ್ಳಿ ಭೀಮವ್ವನವರ ಮಾತು ಬಂದರೆ ಸಾಕು, ನಮ್ಮ ಕಡೆ ಮೊದಲು ಹೊರಡುವುದು ನಾರದರ ಕತೆ. ನಾರದರು ದರ್ಶನ ಕೊಟ್ಟರು, ‘ಭೀಮೇಶಕೃಷ್ಣ’ ಎಂಬ ಅಂಕಿತ ಅನುಗ್ರಹಿಸಿದರು, ಅಂದಿನಿಂದ ಆಕೆಯ ಬಾಯಲ್ಲಿ ಹಾಡು ಹುಟ್ಟಿತು ಎಂದು ಸಂಪ್ರದಾಯ ಹೇಳುತ್ತದೆ. ಕೇಳಿದವರು ಕೈಮುಗಿಯುತ್ತಾರೆ. ಹಾಡಿನ ವಿಷಯ ಆಮೇಲೆ; ಎಷ್ಟೋ ಸಲ ಅದು ಬರುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಕತೆಯನ್ನು ಸುಳ್ಳೆನ್ನಲು ನಾನು ಹೊರಟಿಲ್ಲ. ಒಬ್ಬಾಕೆ ಕಂಡದ್ದನ್ನು ಇನ್ನೊಬ್ಬಾಕೆ ಕಾಣಲಿಲ್ಲ ಎನ್ನುವುದು ಹೇಗೆ? ಆದರೆ ಆ ಕತೆ ಏನು ಕೆಲಸ ಮಾಡಿತು ಎಂದು ಕೇಳಬಹುದಲ್ಲ. ದಾಸ ಪರಂಪರೆಯಲ್ಲಿ ಅಂಕಿತ ಬರುವುದು ಸಾಮಾನ್ಯವಾಗಿ ಗುರುವಿನಿಂದ. ಹೆಳವನಕಟ್ಟೆ ಗಿರಿಯಮ್ಮನವರಿಗೆ ಗೋಪಾಲದಾಸರಿಂದ ಬಂತೆಂದು ಹೇಳುತ್ತಾರೆ. ಭೀಮವ್ವನವರು 19ನೇ ಶತಮಾನದವರು, ತೀರಿಕೊಂಡದ್ದು 1903ರಲ್ಲಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಗುರುವನ್ನು ಹುಡುಕಿ ಹೊಸಿಲು ದಾಟುವುದು ಆ ಕಾಲದಲ್ಲಿ ಸುಲಭವಿತ್ತೆ? ಹಾಡು ಕಟ್ಟುತ್ತೇನೆ ಎಂದರೆ ‘ನಿನಗೆ ಯಾರು ಹೇಳಿದರು?’ ಎಂದು ಕೇಳುವವರು ಹತ್ತು ಜನ. ನಾರದರೇ ಹೇಳಿದರು ಎಂದಮೇಲೆ ಹತ್ತೂ ಬಾಯಿ ಮುಚ್ಚಬೇಕು. ದರ್ಶನ ಇಲ್ಲಿ ಅಪ್ಪಣೆಯೂ ಆಗಿದೆ.

ಅಕ್ಕಮಹಾದೇವಿಯ ಕತೆಯಲ್ಲೂ ಇಂಥದೇ ಒಂದು ಬಾಗಿಲು ಉಂಟು. ಆಕೆ 12ನೇ ಶತಮಾನದವಳು. 15ನೇ ಶತಮಾನದಿಂದ ಸಂಕಲನಗೊಳ್ಳುತ್ತ ಬಂದ ಶೂನ್ಯಸಂಪಾದನೆಗಳಲ್ಲಿ ಅಲ್ಲಮಪ್ರಭು ಆಕೆಯನ್ನು ಕಲ್ಯಾಣದಲ್ಲಿ ತಡೆದು ಪ್ರಶ್ನಿಸುತ್ತಾನೆ. ಅಲ್ಲಮ ಗಂಡಸರನ್ನೂ ಪರೀಕ್ಷಿಸಿದವನೇ. ಆದರೆ ಅಕ್ಕನಿಗೆ ಬಂದ ಪ್ರಶ್ನೆ ಗಂಡ ಯಾರೆಂಬುದು, ದೇಹದ ಹಂಗು ಬಿಟ್ಟಿರುವೆಯಾ ಎಂಬುದು. ಅಕ್ಕ ವಚನದಿಂದಲೇ ಉತ್ತರ ಕೊಟ್ಟು ಒಳಗೆ ಹೋದಳು. ಭೀಮವ್ವನವರು ದರ್ಶನ ಮುಂದಿಟ್ಟು ಪ್ರಶ್ನೆ ಏಳದಂತೆ ಮಾಡಿಕೊಂಡರು. ಬಾಗಿಲು ಒಂದೇ, ದಾಟಿದ ದಾರಿ ಬೇರೆ.

ಇನ್ನೊಂದು ಗೊಂದಲವೂ ನನ್ನ ಕಿವಿಗೆ ಬೀಳುತ್ತಿರುತ್ತದೆ. ಭಾಷಣಕಾರರು ಇಬ್ಬರನ್ನೂ ಒಂದೇ ಮೊರದಲ್ಲಿ ಹಾಕಿ ‘ಎಲ್ಲರದೂ ಅದ್ವೈತಾನುಭವವೇ’ ಎಂದುಬಿಡುತ್ತಾರೆ. ಅಕ್ಕನ ದಾರಿ ಷಟ್‌ಸ್ಥಲದ ಕೊನೆಯ ಐಕ್ಯದ ಕಡೆಗೆ. ಅಲ್ಲಿ ಅಂಗ ಲಿಂಗ ಎಂಬ ಎರಡಿಲ್ಲ. ಭೀಮವ್ವನವರದು ಮಧ್ವಮತ. ಅಲ್ಲಿ ಮೋಕ್ಷದಲ್ಲೂ ಜೀವ ಜೀವವೇ, ದೇವರು ದೇವರೇ. ಆಕೆಗೆ ಬೇಕಾದದ್ದು ಕರಗಿಹೋಗುವುದಲ್ಲ, ಎದುರು ನಿಂತು ಕಾಣುವುದು. ಆಕೆ ಒಪ್ಪದ ಸಿದ್ಧಾಂತವನ್ನು ಆಕೆಯ ತಲೆಗೆ ಕಟ್ಟಿ ಗೌರವ ಮಾಡಿದೆವೆನ್ನುವುದು ಯಾವ ನ್ಯಾಯ?

ಯೋಗಶಾಸ್ತ್ರವೂ ಇವನ್ನು ಬೆರೆಸುವುದಿಲ್ಲ. ಪತಂಜಲಿಯ ಮೂರನೆಯ ಪಾದದಲ್ಲಿ, ಶಿರಸ್ಸಿನ ಬೆಳಕಿನಲ್ಲಿ ಮನಸ್ಸು ನಿಲ್ಲಿಸಿದರೆ ಸಿದ್ಧರ ದರ್ಶನವಾಗುತ್ತದೆ ಎಂಬ ಮಾತಿದೆ. ಅದೇ ಪಾದದಲ್ಲಿ, ಇಂಥ ಶಕ್ತಿಗಳು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ಹಠಯೋಗಪ್ರದೀಪಿಕೆ ಸಮಾಧಿಗೆ ಕೊಡುವ ಹೋಲಿಕೆ ನಮ್ಮ ಅಡಿಗೆಮನೆಯದೇ: ನೀರಿನಲ್ಲಿ ಕರಗಿದ ಉಪ್ಪು. ಕರಗಿದ ಮೇಲೆ ಕಾಣುವವರಾರು, ಕಾಣಿಸುವವರಾರು? ಕಂಡೆ ಎನ್ನುವಾಗ ಇನ್ನೂ ಇಬ್ಬರಿದ್ದಾರೆ. ಹಾಗಾಗಿ ದರ್ಶನವನ್ನೇ ಅದ್ವೈತದ ಸಾಕ್ಷಿಯಾಗಿ ಎತ್ತಿ ಹಿಡಿಯುವುದು ಲೆಕ್ಕ ತಪ್ಪಿದ ಮಾತು.

ನಮ್ಮ ಹಡಗಲಿ ಸೀಮೆಯ ಮೈಲಾರವನ್ನು ನೋಡಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ಜನ ಗೊರವಯ್ಯನನ್ನು ಬಿಟ್ಟು ಮಾತನ್ನು ಹಿಡಿಯುತ್ತಾರೆ. ಮಳೆ, ಬೆಳೆ, ರಾಜಕೀಯ ಎಂದು ವಾರಗಟ್ಟಲೆ ಅರ್ಥ ಬಿಡಿಸುತ್ತಾರೆ. ಭೀಮವ್ವನವರ ವಿಷಯದಲ್ಲಿ ಮಾತ್ರ ತಿರುಗುಮುರುಗು. ದರ್ಶನ ಹಿಡಿದೆವು, ಮಾತು ಬಿಟ್ಟೆವು.

ಬಿಟ್ಟ ಮಾತಿನಲ್ಲಿ ಏನಿದೆ? ದೇವರು ಅಲ್ಲಿ ಮನೆಗೆ ಬರುವ ನೆಂಟ. ಅವನಿಗೆ ಹಸೆ, ಆರತಿ, ಬೀಗರ ನಡುವಿನ ಕೊಂಕು, ನಗೆ. ಹಾಡುವವಳ ಕೈಯಲ್ಲಿ ಹರಿವಾಣ, ಕಾಲಬಳಿ ಮಗು. ಎಲ್ಲವೂ ಒಂದೇ ತೂಕದ್ದೆಂದು ನಾನು ಹೇಳಲಾರೆ. ಕಥನದ ಹಾಡುಗಳಲ್ಲಿ ಗೊತ್ತಿದ್ದ ಕತೆ ನಿಧಾನವಾಗಿ ಸಾಗುವ ಕಡೆ ನನಗೆ ಬೇಸರ ಬರುತ್ತದೆ. ಆದರೂ ಹತ್ತು ಜನ ಕೂಡಿ ಕೆಲಸ ಮಾಡುತ್ತ ಹಾಡಲು ಆ ನಿಧಾನವೇ ಬೇಕೇನೋ. ಇಂಥ ಗುಣದೋಷ ನೋಡುವುದೇ ಕವಯಿತ್ರಿಗೆ ಸಲ್ಲುವ ಮರ್ಯಾದೆ. ಪವಾಡಕ್ಕೆ ಕೈಮುಗಿದು ಎದ್ದರೆ ಹಾಡಿದವಳು ನಾರದರ ಲೇಖನಿ ಮಾತ್ರ ಆಗುತ್ತಾಳೆ; ಪದ ಹುಡುಕಿದ, ಪ್ರಾಸ ಕೂಡಿಸಿದ ಬುದ್ಧಿ ಆಕೆಯದಲ್ಲವೆಂದಾಗುತ್ತದೆ.

ಈಗ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲೂ ಹೆಂಗಸರು ಯೋಗ, ಧ್ಯಾನ ಕಲಿಯುತ್ತಿದ್ದಾರೆ, ಒಳ್ಳೆಯದೇ. ಆದರೆ ‘ನನಗೆ ಹುಬ್ಬಿನ ನಡುವೆ ಬೆಳಕು ಕಾಣಲಿಲ್ಲ’ ಎಂದು ಮುಖ ಸಣ್ಣದು ಮಾಡಿಕೊಳ್ಳುವವರನ್ನು ಕಂಡಾಗ ಕನಿಕರ ಬರುತ್ತದೆ. ಬೆಳಕು ಕಾಣದಿದ್ದರೆ ಕಡಿಮೆಯವರೇನೂ ಆಗುವುದಿಲ್ಲ. ಕಂಡವರಿಗೆ ನಾನು ಕೇಳುವುದೂ ಒಂದೇ: ಕಂಡ ಮೇಲೆ ಏನು ಮಾಡಿದಿರಿ? ಭೀಮವ್ವನವರು ಹಾಡು ಕಟ್ಟಿದರು.